ಮನೆಗೆ ಬೆಂಕಿ ಬಿತ್ತು, ‘ಅನುಮಾನ’ ಅಂತ ವಿಮೆ ಹಣ ನಿಂತಿತು: ಏನು ಮಾಡಬೇಕು?

ಬೆಂಕಿ ಹೇಗೆ ಹತ್ತಿತು ಅಂತ ಗೊತ್ತಾಗದಿದ್ದರೆ ಪೊಲೀಸರ ಕಾಗದದಲ್ಲಿ ‘ಅನುಮಾನಾಸ್ಪದ’ ಅನ್ನೋ ಪದ ಬೀಳುತ್ತದೆ. ಆ ಒಂದೇ ಪದ ಹಿಡಿದುಕೊಂಡು ವಿಮಾ ಕಂಪನಿ ತಿಂಗಳುಗಟ್ಟಲೆ ಸುಮ್ಮನೆ ಕೂರಬಹುದು. ರಾಣೆಬೆನ್ನೂರಿನಲ್ಲಿ ನಮ್ಮ ಫೈಲಿಗೆ ಆಗಿದ್ದು ಅದೇ. ನಾವೆಲ್ಲ ಮದುವೆಗೆ ಹೋಗಿದ್ದ ರಾತ್ರಿ ಹಿಂದಿನ ಕೋಣೆಗೆ ಬೆಂಕಿ ಬಿದ್ದು ಅಡುಗೆಮನೆವರೆಗೂ ಸುಟ್ಟಿತ್ತು. ಸೀಮೆಎಣ್ಣೆ ವಾಸನೆ ಬಂತು ಅಂತ ಪಕ್ಕದ ಮನೆಯ ಅಜ್ಜಿ ಹೇಳಿದ್ದರು. ಮೈದುನನ ಜೊತೆ ಪಾಲಿನ ದಾವೆ ಬೇರೆ ನಡೆಯುತ್ತಿತ್ತು. ಕಂಪನಿಗೆ ಅಷ್ಟು ಸಾಕಾಯಿತು.

ಮೊದಲು ಒಂದು ಮಾತು ಮನಸ್ಸಿಗೆ ಹಾಕಿಕೊಳ್ಳಿ. ಅನುಮಾನ ಬೆಂಕಿಯ ಮೇಲೆ ಇರುವುದು ಬೇರೆ, ನಿಮ್ಮ ಮೇಲೆ ಇರುವುದು ಬೇರೆ. ಬೇರೆ ಯಾರೋ ಬಂದು ಬೆಂಕಿ ಹಚ್ಚಿದ್ದರೂ ಅದು ನಿಮಗೆ ಆದ ನಷ್ಟವೇ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ ನಷ್ಟ ಕೊಡುತ್ತದೆ. ನೀವೇ ಬೇಕೆಂದು ಹಚ್ಚಿದ್ದರೆ, ಇಲ್ಲವೇ ನಿಮ್ಮ ಪರವಾಗಿ ಯಾರಾದರೂ ಹಚ್ಚಿದ್ದರೆ ಕೊಡುವುದಿಲ್ಲ. ಹಾಗೆ ಮಾಡಿದ್ದೀರಿ ಅಂತ ತೋರಿಸುವ ಹೊಣೆ ಕಂಪನಿಯದು. 2023ರ ನವೆಂಬರ್‌ನಲ್ಲಿ ಮುದಿತ್ ರೋಡ್‌ವೇಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ವಿಮೆ ಮಾಡಿಸಿದವರೇ ಬೆಂಕಿ ಹಚ್ಚಿಸಿಲ್ಲ ಅಂದಮೇಲೆ ಬೆಂಕಿಗೆ ನಿಖರ ಕಾರಣ ಏನು ಅನ್ನುವುದು ಮುಖ್ಯವಲ್ಲ. ಈ ತೀರ್ಪಿನ ಹೆಸರು ನಿಮ್ಮ ಪತ್ರದಲ್ಲಿ ಇರಲಿ.

ಈಗ ಕಾಗದಗಳ ವಿಷಯ. ಪೊಲೀಸ್ ಠಾಣೆಯಿಂದ ಎಫ್‌ಐಆರ್ ಪ್ರತಿ, ಸ್ಥಳ ಪಂಚನಾಮೆ. ಅಗ್ನಿಶಾಮಕ ಠಾಣೆಯಿಂದ ಅವರ ವರದಿ. ಶಾರ್ಟ್ ಸರ್ಕ್ಯೂಟ್ ಮಾತು ಬಂದಿದ್ದರೆ ವಿದ್ಯುತ್ ಪರಿವೀಕ್ಷಣಾಲಯಕ್ಕೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ತಿಳಿಸಬೇಕು ಅಂತ ಪೊಲೀಸ್ ತನಿಖೆಯ ಕ್ರಮ ಹೇಳುವ ಹೊಸ ಬಿಎನ್‌ಎಸ್‌ಎಸ್ ಕಾಯ್ದೆಯಲ್ಲೇ ಇದೆ. ಅದನ್ನೂ ಬರಹದಲ್ಲಿ ಕೇಳಿ. ಆರೋಪಿ ಸಿಗದಿದ್ದರೆ ನಮ್ಮ ರಾಜ್ಯದಲ್ಲಿ ಪೊಲೀಸರು ‘ಸಿ’ ರಿಪೋರ್ಟ್ ಹಾಕುತ್ತಾರೆ. ಪತ್ತೆಯಾಗಲಿಲ್ಲ ಅಂತ ಅದರ ಅರ್ಥ. ದೂರೇ ಸುಳ್ಳು, ಅಪರಾಧವೇ ನಡೆದಿಲ್ಲ ಅನ್ನುವಂಥದ್ದಕ್ಕೆ ಹಾಕುವುದು ‘ಬಿ’ ರಿಪೋರ್ಟ್. ಎರಡನ್ನೂ ಒಂದೇ ಅಂದುಕೊಂಡು ಗಾಬರಿಯಾಗುವವರು ತುಂಬಾ ಜನ. ಯಾವುದು ಹಾಕಿದ್ದಾರೆ ಅಂತ ನೋಡಿಕೊಂಡು ಅದರ ಪ್ರತಿಯನ್ನು ಕಂಪನಿಗೆ ಕಳಿಸಿ.

ಎಫ್‌ಎಸ್‌ಎಲ್, ಅಂದರೆ ಪೊಲೀಸರು ಮಾದರಿ ಕಳಿಸುವ ವಿಧಿವಿಜ್ಞಾನ ಪ್ರಯೋಗಾಲಯದ ವಿಷಯದಲ್ಲಿ ಜಾಗ್ರತೆ ಬೇಕು. ಸೀಮೆಎಣ್ಣೆ, ಪೆಟ್ರೋಲ್ ಆವಿಯಾಗಿ ಹೋಗುವಂಥವು. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟ ಬೂದಿಯಲ್ಲಿ ವಾರಗಳು ಕಳೆದ ಮೇಲೆ ಏನೂ ಉಳಿಯದೇ ಇರಬಹುದು. ನಮ್ಮಲ್ಲಿ ಅರೆಬೆಂದ ಗೋಣಿಚೀಲವನ್ನು ಕವರಿಗೆ ತುಂಬಲು ಹೊರಟಾಗ ನಾನು ಪಿಎಸ್‌ಐ ಅವರಿಗೆ, ‘ಸರ್, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಸಿ’ ಅಂತ ಕೇಳಿಕೊಂಡೆ. ಹಾರ್ಡ್‌ವೇರ್ ಅಂಗಡಿಯಿಂದ ಬಳಸದ ತಗಡಿನ ಪೇಂಟ್ ಡಬ್ಬಿ ತರಿಸಿದರು. ಮುಚ್ಚಳ ಒತ್ತಿ, ಅರಗಿನ ಸೀಲು ಹಾಕಿ, ಪಂಚರ ಸಹಿ ತಗೊಂಡರು. ಸುಟ್ಟ ವೈರಿನ ತುದಿ, ಸ್ವಿಚ್ ಬೋರ್ಡ್ ಬೇರೆ ಪೊಟ್ಟಣಕ್ಕೆ ಹೋದವು. ಯಾವುದನ್ನು ಎಲ್ಲಿಂದ ತೆಗೆದರು ಅಂತ ಪಂಚನಾಮೆಯಲ್ಲಿ ಬರೆದಿದೆಯೇ ನೋಡಿ. ಮಾದರಿ ಲ್ಯಾಬಿಗೆ ಹೋದ ದಿನಾಂಕವನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ನಷ್ಟ ಎಷ್ಟು ಅಂತ ಅಂದಾಜು ಮಾಡಲು ಕಂಪನಿ ನೇಮಿಸುವ ಸರ್ವೇಯರ್ ನೋಡಿ ಹೋಗುವ ತನಕ ಏನನ್ನೂ ಗುಡಿಸಿ ಹಾಕಬೇಡಿ. ಮಳೆ ಬರುತ್ತಿದ್ದರೆ ತಾಡಪತ್ರೆ ಹೊದಿಸಿ, ಹೊದಿಸುವ ಮೊದಲು ವಿಡಿಯೋ ಮಾಡಿ. ಗುಜರಿಯವರು ಅದೇ ವಾರ ಬಂದು ಕೇಳುತ್ತಾರೆ. ಉರಿಯೋ ಮನೆಯಲ್ಲಿ ಗಳ ಹಿರಿಯುವ ಜನ ಎಲ್ಲ ಊರಿನಲ್ಲೂ ಇದ್ದಾರೆ, ಗೇಟಿಗೆ ಬೀಗ ಹಾಕಿ. ಬಿಲ್ಲುಗಳು ಸುಟ್ಟಿದ್ದರೆ ಅಂಗಡಿಯವರ ಹತ್ತಿರ ನಕಲು ಸಿಗುತ್ತದೆ, ಬ್ಯಾಂಕ್ ಪಾಸ್‌ಬುಕ್ ಇದೆ, ಹಬ್ಬದ ಫೋಟೋಗಳಿವೆ. ಗಣೇಶನ ಪಕ್ಕ ನಿಂತ ನಮ್ಮ ಫ್ರಿಜ್ಜು, ಅದರ ಮೇಲಿದ್ದ ಸ್ಟೆಬಿಲೈಸರ್ ಎರಡನ್ನೂ ಸರ್ವೇಯರ್ ಫೋಟೋ ನೋಡಿಯೇ ಪಟ್ಟಿಗೆ ಸೇರಿಸಿದರು.

ಸರ್ವೇಯರ್ ಅಲ್ಲದೆ ಕಂಪನಿ ಕಡೆಯಿಂದ ಇನ್ನೊಬ್ಬರು ಬರಬಹುದು, ತನಿಖಾಧಿಕಾರಿ ಅಂತ. ಸಾಲ ಎಷ್ಟಿದೆ, ಆ ರಾತ್ರಿ ಎಲ್ಲಿದ್ದಿರಿ, ಯಾರ ಜೊತೆ ಜಗಳ ಎಂದೆಲ್ಲ ಕೇಳುತ್ತಾರೆ. ಸಿಟ್ಟು ಬರುತ್ತದೆ, ಆದರೂ ಉತ್ತರ ಕೊಡಿ. ನಾವು ಪಾಲಿನ ದಾವೆಯ ವಿಷಯ ಮುಚ್ಚಿಡಲಿಲ್ಲ, ಕೇಸ್ ನಂಬರನ್ನೇ ಕೊಟ್ಟೆವು. ಕಲ್ಯಾಣ ಮಂಟಪದ ಫೋಟೋ, ಬಸ್ ಟಿಕೆಟ್ ಕೊಟ್ಟೆವು. ಬೆಂಕಿ ಯಾರು ಹಚ್ಚಿರಬಹುದು ಅಂತ ಊಹೆ ಮಾತ್ರ ಹೇಳಬೇಡಿ. ಕಂಡಿದ್ದನ್ನಷ್ಟೇ ಹೇಳಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಹೇಳಿಕೆ ಪೂರ್ತಿ ಓದಿ, ಅದರ ಫೋಟೋ ತಗೊಂಡು, ಆಮೇಲೆ ಸಹಿ ಮಾಡಿ.

ತಡದ ಲೆಕ್ಕ ಹೀಗೆ ಹಾಕಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು. 15 ದಿನದಲ್ಲಿ ಸರ್ವೇ ವರದಿ ಬರಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಸರ್ವೇ ವರದಿ ತರಿಸಿಕೊಳ್ಳುವುದು ಕಂಪನಿಯ ಕೆಲಸ, ನಿಮ್ಮದಲ್ಲ. ‘ಎಫ್‌ಎಸ್‌ಎಲ್ ವರದಿ ಬರಲಿ ಮೇಡಂ’ ಅಂತ ಫೋನಿನಲ್ಲಿ ಹೇಳುವವರು ಬರಹದಲ್ಲಿ ಅದನ್ನು ಹೇಳಲು ಹಿಂಜರಿಯುತ್ತಾರೆ. ಹಾಗಾಗಿ ಫೋನ್ ಬಿಡಿ, ಇಮೇಲ್ ಮಾಡಿ. ನಾನು ಬರೆದದ್ದು ಇಷ್ಟೇ:

‘ನಮ್ಮ ಕ್ಲೇಮ್ ಬಾಕಿ ಉಳಿದಿರುವ ಕಾರಣವನ್ನು ಬರಹದಲ್ಲಿ ತಿಳಿಸಿ. ಇನ್ನೂ ಬೇಕಾದ ದಾಖಲೆಗಳ ಪಟ್ಟಿಯನ್ನು ಒಂದೇ ಸಲ ಕೊಡಿ. ಸರ್ವೇ ವರದಿಯ ಪ್ರತಿ ಕಳಿಸಿ. ನಮ್ಮ ಮೇಲೆ ನಿರ್ದಿಷ್ಟ ಆರೋಪವಿದ್ದರೆ ಆಧಾರ ಸಮೇತ ತಿಳಿಸಿ. ಇಲ್ಲದಿದ್ದರೆ ತಕರಾರಿಲ್ಲದ ಮೊತ್ತವನ್ನು ಮುಂಗಡವಾಗಿ ಬಿಡುಗಡೆ ಮಾಡಿ, ತಡಕ್ಕೆ ಬ್ಯಾಂಕ್ ದರಕ್ಕಿಂತ ಶೇ 2 ಹೆಚ್ಚಿನ ಬಡ್ಡಿ ಸೇರಿಸಿ.’

ಕಂಪನಿ ಸರ್ಕಾರಿ ವಲಯದ್ದಾದರೆ ಆರ್‌ಟಿಐ ಅರ್ಜಿಯನ್ನೂ ಹಾಕಬಹುದು. ಮನೆ ಮೇಲೆ ಸಾಲವಿದ್ದರೆ ಬ್ಯಾಂಕ್ ಮ್ಯಾನೇಜರ್‌ರಿಂದಲೂ ಒಂದು ಪತ್ರ ಹಾಕಿಸಿ. ಅವರ ಹಣವೂ ಅಲ್ಲೇ ಸಿಕ್ಕಿಕೊಂಡಿದೆ ಅಲ್ವಾ? ಬಾಡಿಗೆ ಮನೆಯ ರಸೀದಿಗಳನ್ನು ಜೋಪಾನ ಮಾಡಿ. ಮನೆ ವಾಸಕ್ಕೆ ಆಗದಿದ್ದಾಗ ಬೇರೆ ಕಡೆ ಇರುವ ಬಾಡಿಗೆಯನ್ನೂ ಗೃಹ ರಕ್ಷಾ ಪಾಲಿಸಿ ಕೊಡುತ್ತದೆ. ಇದನ್ನು ಕೇಳದೇ ಬಿಡುವವರೇ ಜಾಸ್ತಿ.

ಉತ್ತರ ಬರಲಿಲ್ಲವೇ? ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅದನ್ನೇ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ ಹಾಕಿ, ಇಲ್ಲವೇ 155255ಕ್ಕೆ ಕರೆ ಮಾಡಿ. ಒಂದು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಇಂಥ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ, ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಅವರ ಆದೇಶ ಕಂಪನಿಗೆ ಕಡ್ಡಾಯ, ನಿಮಗಲ್ಲ. ತೃಪ್ತಿಯಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಅಲ್ಲಿ ಎರಡು ವರ್ಷದ ಗಡುವು. ಆದರೆ ಮೊದಲೇ ಗ್ರಾಹಕ ಆಯೋಗಕ್ಕೆ ಹೋದರೆ ಅದೇ ವಿಷಯಕ್ಕೆ ಒಂಬುಡ್ಸ್‌ಮನ್ ದಾರಿ ಮುಚ್ಚುತ್ತದೆ.

ನಮ್ಮ ಪಕ್ಕದ ಬ್ಯಾಡಗಿಯಲ್ಲಿ 2014ರ ಜನವರಿಯಲ್ಲಿ ಶೀತಲಗೃಹ ಸುಟ್ಟು ರೈತರ ಮೆಣಸಿನಕಾಯಿ ಬೂದಿಯಾಯಿತು. ಬೆಂಕಿ ಆಕಸ್ಮಿಕ ಅಲ್ಲ ಅನ್ನೋ ವಾದ ಅಲ್ಲೂ ಬಂತು. ರೈತರು ಬಿಡಲಿಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಆದರೆ ಅಷ್ಟು ವರ್ಷ ಕಾಯುವ ಶಕ್ತಿ ಒಂದು ಮನೆಗೆ ಇರಲ್ಲ. ಅದಕ್ಕೇ ಮೊದಲ ತಿಂಗಳಿಂದಲೇ ಎಲ್ಲವೂ ಬರಹದಲ್ಲಿ ಇರಲಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಕಂಪನಿ ಅಲುಗಾಡಿದ್ದು ಒಂಬುಡ್ಸ್‌ಮನ್ ಕಚೇರಿಯಿಂದ ನೋಟಿಸ್ ಹೋದ ಮೇಲೆ. ಆಗ ಒಂದು ಡಿಸ್ಚಾರ್ಜ್ ವೋಚರ್ ಕಳಿಸಿದರು, ಅಂದರೆ ಹಣ ಒಪ್ಪಿಕೊಂಡಿದ್ದೇವೆ ಅಂತ ನಾವು ಸಹಿ ಹಾಕುವ ಕಾಗದ. ನಾವು ಕೇಳಿದ್ದಕ್ಕಿಂತ ಕಡಿಮೆ ಮೊತ್ತ, ಕೆಳಗೆ ‘ಪೂರ್ಣ ಮತ್ತು ಅಂತಿಮ’ ಅನ್ನೋ ಸಾಲು. ನಿಮಗೂ ಹಾಗೆ ಬಂದರೆ ಸಹಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ, ಉಳಿದ ಮೊತ್ತದ ಹಕ್ಕು ಕಾಯ್ದಿರಿಸಿದ್ದೇನೆ’ ಅಂತ ಕೈಬರಹದಲ್ಲಿ ಬರೆಯಿರಿ. ಅದೇ ದಿನ ಇಮೇಲ್‌ನಲ್ಲೂ ಅದನ್ನೇ ತಿಳಿಸಿ. ಬಂದ ಹಣದಲ್ಲಿ ಸೂರು ರಿಪೇರಿ ಶುರು ಮಾಡಿ, ಉಳಿದದ್ದಕ್ಕೆ ದೂರು ಮುಂದುವರಿಸಿ.