ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಕಡೆ ಒರತೆ ನೋಡ್ಕೊಳ್ಳೋಕೆ ಗುಂಪು ಕಟ್ತೀರಾ? ಸಲಿಕೆ ಬೇಡ, ಬಕೆಟ್ ತಗೊಂಡ್ಬನ್ನಿ

ಅಲ್ಲೇ ಇರೋ ಆಡುಮಲ್ಲೇಶ್ವರಕ್ಕೆ ಹೋದೋರು ಬಸವಣ್ಣನ (ನಂದಿ ವಿಗ್ರಹದ) ಬಾಯಿಂದ ಬೀಳೋ ನೀರನ್ನ ಒಂದು ಬೊಗಸೆ ಕುಡೀದೆ ವಾಪಸ್ ಬರಲ್ಲ, ಆದ್ರೆ ಆ ನೀರು ಎಲ್ಲಿಂದ ಬರುತ್ತೆ ಅಂತ ಗುಡ್ಡದ ಕಡೆ ತಲೆ ಎತ್ತಿ ನೋಡೋರು ಕಮ್ಮಿ. ನಮ್ಮ ದುರ್ಗದಂಥ ಮಳೆ ಕಮ್ಮಿ ಇರೋ ಸೀಮೇಲಿ ಒಂದು ಒರತೆ ಬೇಸಿಗೇಲೂ ಜಿನುಗ್ತಿದೆ ಅಂದ್ರೆ ಅದಕ್ಕೆ ಮೇಲಿರೋ ಕಾಡು, ಕಲ್ಲಿನ ಬಿರುಕು, ಹುಲ್ಲು ಕಾರಣ. ಅದಕ್ಕೇ ನಾನು ಹೇಳೋದು, ಗುಂಪಿನ ಕೆಲಸ ಮುಕ್ಕಾಲು ಭಾಗ ನೀರಿನ ಹತ್ರ ಅಲ್ಲ, ಮೇಲುಗಡೆ.

ಮೊದ್ಲು ಜಾಗ ಯಾರದು ಅಂತ ತಿಳ್ಕೊಳ್ಳಿ. ಜೋಗಿಮಟ್ಟಿ ಈಗ ವನ್ಯಜೀವಿಧಾಮ, 1972ರ ವನ್ಯಜೀವಿ ಕಾಯ್ದೆ ನಡೆಯುತ್ತೆ, ಒಳ್ಳೇ ಕೆಲಸಕ್ಕೇ ಬಂದಿದೀವಿ ಸಾರ್ ಅಂದ್ರೂ ಪರ್ಮಿಷನ್ ಇಲ್ದೆ ಕಾಡೊಳಗೆ ನುಗ್ಗೋ ಹಾಗಿಲ್ಲ. ಕೋಟೆ ಒಳಗಿನ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಆದ್ರೆ ಪುರಾತತ್ವ ಇಲಾಖೆಯೋರನ್ನ ಕೇಳ್ಬೇಕು. ಕಾಡಿಗೆ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಆಫೀಸಲ್ಲಿ ಅರ್ಜಿ ಕೊಡಿ, ಅದ್ರಲ್ಲಿ ಎಷ್ಟು ಜನ, ಯಾವ ಭಾನುವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಏನು ಮಾಡ್ತೀವಿ, ಏನು ಮುಟ್ಟಲ್ಲ ಅನ್ನೋದನ್ನೂ ಬರೀರಿ. ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಒಂದು ಕಾಪಿ ಇಟ್ಕೊಳ್ಳಿ. ಅಮೆರಿಕದ ಫ್ಲೋರಿಡಾದಲ್ಲಿ 1,000ಕ್ಕೂ ಜಾಸ್ತಿ ಬುಗ್ಗೆಗಳಿದಾವೆ, ಅಲ್ಲಿ ಎಷ್ಟೋ ಸ್ಟೇಟ್ ಪಾರ್ಕ್‌ಗಳಿಗೆ 'ಫ್ರೆಂಡ್ಸ್ ಆಫ್' ಅಂತ ಊರೋರದೇ ಗುಂಪುಗಳು, ಅವರೂ ಪಾರ್ಕ್‌ನೋರ ಜೊತೆ ಲಿಖಿತ ಒಪ್ಪಂದ ಮಾಡ್ಕೊಂಡೇ ಕೈ ಹಾಕೋದು.

ಸಂಘ ರಿಜಿಸ್ಟರ್ ಮಾಡ್ಸೋಕೆ ಅವಸರ ಬೇಡ. ಅದಕ್ಕೆ 7 ಜನ ಸಾಕು, ಆದ್ರೆ ಅಧ್ಯಕ್ಷ ಯಾರು ಅನ್ನೋ ಜಗಳದಲ್ಲೇ ಅರ್ಧ ಗುಂಪು ಖಾಲಿ ಆಗೋದನ್ನ ನಾನು ಕಣ್ಣಾರೆ ನೋಡಿದೀನಿ. ಒಂದು ವರ್ಷ ಕೆಲಸ ಮಾಡಿ, ದುಡ್ಡು ಎತ್ತೋ ಕಾಲ ಬಂದಾಗ ನೋಡ್ಕೊಳ್ಳೋಣ.

ಈಗ ಬಕೆಟ್ ವಿಷ್ಯ. 10 ಲೀಟರ್ ಬಕೆಟ್‌ನ ಧಾರೆಗೆ ಹಿಡೀರಿ, ಮೊಬೈಲಲ್ಲಿ ಸ್ಟಾಪ್‌ವಾಚ್ ಒತ್ತಿ. 40 ಸೆಕೆಂಡಿಗೆ ತುಂಬಿದ್ರೆ ನಿಮಿಷಕ್ಕೆ 15 ಲೀಟರ್. ಮೂರು ಸಲ ಅಳೆದು ಸರಾಸರಿ ತಗೊಳ್ಳಿ, ತಾರೀಖು ಹಾಕಿ ನೋಟ್‌ಬುಕ್ಕಲ್ಲಿ ಬರೀರಿ, ಹಿಂದಿನ ವಾರ ಮಳೆ ಬಂದಿತ್ತಾ ಅಂತಾನೂ ಬರೀರಿ. ತಿಂಗಳಿಗೊಂದು ಸಲ ಸಾಕು, ತಪ್ಪಿಸ್ಬಾರದು ಅಷ್ಟೇ. ಏಪ್ರಿಲ್‌ನಲ್ಲಿ ಧಾರೆ ಎಷ್ಟು ಸಣ್ಣ ಆಯ್ತು, ಮಳೆ ಬಂದು ಎಷ್ಟು ದಿನಕ್ಕೆ ಮತ್ತೆ ದಪ್ಪ ಆಯ್ತು ಅನ್ನೋ ಲೆಕ್ಕ ಕೈಯಲ್ಲಿದ್ರೆ ಆಫೀಸಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತೆ, ಬರೀ 'ನೀರು ಕಮ್ಮಿ ಆಗಿದೆ ಸಾರ್' ಅಂದ್ರೆ ಯಾರೂ ತಲೆ ಎತ್ತಲ್ಲ.

ಒರತೆ ಬಾಯನ್ನ ಮಾತ್ರ ಮುಟ್ಬೇಡಿ. ನಾವೇ ಹಿಂದೆ ಒಂದು ಕಡೆ (ಊರಿನ ಹೆಸರು ಬೇಡ ಬಿಡಿ) ಭಾರೀ ಉತ್ಸಾಹದಲ್ಲಿ ಪಾಚಿ ಕೆರೆದು, ಕೆಸರು ತೆಗೆದು, ಚೆನ್ನಾಗಿ ಕಾಣ್ಲಿ ಅಂತ ಸುತ್ತ ಸಿಮೆಂಟ್ ಹಾಕಿಸಿದ್ವಿ, ಮುಂದಿನ ಮಳೆಗಾಲಕ್ಕೆ ನೀರು ಆ ಕಟ್ಟೆ ಬಿಟ್ಟು ನಾಲ್ಕು ಮಾರು ಕೆಳಗಿನ ಬಂಡೆ ಸಂದಿಯಿಂದ ಹೊರಗೆ ಬಂತು. ಕಟ್ಟೆ ಒಣಗಿ ನಿಂತಿದೆ, ಮೇಲೆ ದಾನಿಗಳ ಹೆಸರಿನ ಕಲ್ಲು ಬೇರೆ. ಬ್ಲೀಚಿಂಗ್ ಪೌಡರ್ ಸುರಿಯೋರೂ ಇದಾರೆ, ಕಪ್ಪೆ ಮರಿಗಳೆಲ್ಲ ಸತ್ತೋಗ್ತವೆ ಕಣ್ರೀ.

ಹಂಗಾದ್ರೆ ಏನು ಮಾಡೋದು ಅಂದ್ರೆ, ಶಾಂಪೂ ಪ್ಯಾಕೆಟ್, ಗುಟ್ಕಾ ಚೀಟಿ, ಬಾಟಲಿ ಆರಿಸಿ ಚೀಲಕ್ಕೆ ತುಂಬಿ ಕೆಳಗೆ ಹೊತ್ಕೊಂಡು ಬರೋದು, ಅಲ್ಲೇ ಸುಡೋ ಹಾಗಿಲ್ಲ. ಒಣಗಿದ ಎಲೆ ಕಸ ಅಲ್ಲ, ಅದನ್ನ ಗುಡಿಸ್ಬೇಡಿ. ಸೋಪು ಹಚ್ಕೊಂಡು ಸ್ನಾನಕ್ಕೆ ಇಳಿಯೋರಿಗೆ 'ಅಣ್ಣಾ, ಇದೇ ನೀರು ಕೆಳಗೆ ಕುಡೀತಾರೆ' ಅಂತ ಸಮಾಧಾನವಾಗಿ ಹೇಳೋಕೆ ಗುಂಪಲ್ಲಿ ವಯಸ್ಸಾದೋರು ಒಬ್ರು ಇರ್ಲಿ, ಹುಡುಗ್ರು ಹೇಳಿದ್ರೆ ಜಗಳ ಆಗುತ್ತೆ. ಮೇಲಿನ ಇಳಿಜಾರಲ್ಲಿ ಲಂಟಾನ ಅನ್ನೋ ಕಳೆಗಿಡ ಕೀಳೋದು ಅರಣ್ಯ ಇಲಾಖೆಯೋರು ತೋರ್ಸಿದ ಕಡೆ ಮಾತ್ರ.

ಜನವರಿಯಿಂದ ಹುಲ್ಲು ಒಣಗುತ್ತೆ. ಒಂದು ಬೀಡಿ ತುಂಡಿಗೆ ಗುಡ್ಡ ಹತ್ಕೊಂಡ್ರೆ ಮೊದಲ ಮಳೆಗೆ ಬೂದಿ, ಮಣ್ಣು ಎಲ್ಲ ಕೊಚ್ಕೊಂಡು ನೀರಿಗೆ ಬರುತ್ತೆ. ಇಲಾಖೆ ಬೆಂಕಿ ರೇಖೆ (ಬೆಂಕಿ ಹರಡದ ಹಾಗೆ ಹುಲ್ಲು ತೆಗೆದ ಪಟ್ಟಿ) ಮಾಡೋವಾಗ ಕೇಳಿಕೊಂಡು ಕೈ ಜೋಡಿಸಿ, ಹೊಗೆ ಕಂಡ ತಕ್ಷಣ ಫೋನ್ ಮಾಡೋಕೆ ಕಾಡು ಕಾಯೋ ವಾಚರ್ ನಂಬರ್ ಎಲ್ರ ಮೊಬೈಲಲ್ಲೂ ಇರ್ಲಿ, ನೀವಾಗೇ ಆರಿಸೋಕೆ ಓಡ್ಬೇಡಿ.

ಮಂಡಕ್ಕಿ ಮಿರ್ಚಿ ಕೆಲಸ ಮುಗಿದ್ಮೇಲೆ ಪೇಟೇಲಿ. ಮೇಲಕ್ಕೆ ಬುತ್ತಿ ಒಯ್ಯೋದಾದ್ರೆ ಸ್ಟೀಲ್ ಡಬ್ಬೀಲಿ ತನ್ನಿ, ವಾಪಸ್ ಹೋಗೋವಾಗ ಡಬ್ಬಿ ಎಣಿಸ್ಕೊಂಡು ಇಳೀರಿ.