ತಣ್ಣಗಾದ ಮೇಲೆ ಬಂದ ಚುಕ್ಕೆಗಳು

ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಗಂಟುಗಟ್ಟುವ ಆಲ್ಫಾ-ಸಿನ್ಯೂಕ್ಲಿನ್ ಪ್ರೋಟೀನಿನಲ್ಲಿ 140 ಅಮೈನೋ ಆಮ್ಲಗಳಿವೆ. ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸಂಕೇತ ಓದುವ ಎನ್‌ಎಂಆರ್ ಯಂತ್ರದ ಎಚ್‌ಎಸ್‌ಕ್ಯೂಸಿ ಎಂಬ ಚಿತ್ರದಲ್ಲಿ ಪ್ರೋಟೀನ್ ಸರಪಳಿಯ ಬೆನ್ನೆಲುಬಿನ ಒಂದೊಂದು ನೈಟ್ರೋಜನ್-ಹೈಡ್ರೋಜನ್ (ಎನ್‌-ಎಚ್) ಜೋಡಿಗೂ ಒಂದೊಂದು ಚುಕ್ಕೆ. ಇಂಥ ಚುಕ್ಕೆ ಕೊಡದ 5 ಪ್ರೋಲೀನ್, ಮೊದಲ ಮೆಥಿಯೋನಿನ್ ಬಿಟ್ಟರೆ 134 ಸಿಗಬೇಕಿತ್ತು. ನನಗೆ ಅರ್ಧವೂ ಸಿಗಲಿಲ್ಲ.

ಪ್ರೋಟೀನೇ ಕೆಟ್ಟಿದೆ ಅಂದುಕೊಂಡು ಮತ್ತೆ ಶುದ್ಧೀಕರಿಸಿದೆ. ಒಂದು ವಾರ ದಂಡ. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಮೊದಲಿನಂತೆಯೇ ಒಂದೇ ಪಟ್ಟಿ, ಅಂದರೆ ಪ್ರೋಟೀನ್ ಮೊದಲೂ ಶುದ್ಧವೇ ಇತ್ತು. ಆಮೇಲೆ ಗಮನಿಸಿದೆ, ಕಾಣೆಯಾದವು ಹೆಚ್ಚಾಗಿ ಗ್ಲೈಸಿನ್, ಸೀರಿನ್, ಥ್ರಿಯೋನಿನ್‌ಗಳ ಜಾಗದವು. ಇಂಥ ಮಡಚಿಕೊಳ್ಳದ ಪ್ರೋಟೀನಿನಲ್ಲಿ ಎನ್‌-ಎಚ್ ಜೋಡಿಯ ಹೈಡ್ರೋಜನ್‌ಗಳಿಗೆ ನೀರಿನಿಂದ ಮರೆಯಿಲ್ಲ. 37 ಡಿಗ್ರಿ ಸೆಲ್ಸಿಯಸ್, ಪಿಎಚ್ 7.4ರಲ್ಲಿ ನೀರಿನ ಹೈಡ್ರೋಜನ್‌ಗಳ ಜೊತೆ ಸದಾ ಅದಲುಬದಲಾಗುತ್ತಿರುತ್ತವೆ. ನಾನೋ ನೀರಿನ ಸಂಕೇತ ಅಡಗಿಸಲು ಪ್ರಿಸ್ಯಾಚುರೇಶನ್ (ಅಳೆಯುವ ಮೊದಲು ನೀರಿನ ಹೈಡ್ರೋಜನ್‌ಗಳನ್ನು ರೇಡಿಯೋ ತರಂಗದಿಂದ ಸುಮ್ಮನಾಗಿಸುವ ವಿಧಾನ) ಹಾಕಿದ್ದೆ. ನೀರಿನ ಜೊತೆ ಅವೂ ಅಡಗಿದವು!

10 ಡಿಗ್ರಿಗೆ ಇಳಿಸಿದೆ. ಕೆಲವು ಬಂದವು, ಎಲ್ಲ ಅಲ್ಲ. ಈ ಸಲ ಎಡವಟ್ಟು ಬಫರಿನದು, ಅಂದರೆ ಪಿಎಚ್ ಹಿಡಿದಿಡುವ ದ್ರಾವಣದ್ದು: ಟ್ರಿಸ್. ತಣ್ಣಗಾದಂತೆ ಅದರ ಪಿಎಚ್ ಡಿಗ್ರಿಗೆ ಸುಮಾರು 0.03ರಷ್ಟು ಏರುತ್ತದೆ. ಪಿಎಚ್ ಒಂದು ಅಂಕ ಏರಿದರೆ ಅದಲುಬದಲಿನ ವೇಗ ಸುಮಾರು 10 ಪಟ್ಟು. ತಣಿಸಿದ ಲಾಭದಲ್ಲಿ ಬಹುಪಾಲು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಫಾಸ್ಫೇಟ್ ಬಫರಿಗೆ ಬದಲಾಯಿಸಿ ಪಿಎಚ್ 6.5ಕ್ಕೆ ಇಳಿಸಿದೆ, ಪ್ರಿಸ್ಯಾಚುರೇಶನ್ ತೆಗೆದು, ಅದಲುಬದಲಾಗುವ ಹೈಡ್ರೋಜನ್‌ಗಳನ್ನು ಅಷ್ಟಾಗಿ ಅಡಗಿಸದೆ ನೀರಿನ ಸಂಕೇತ ತೆಗೆಯುವ ವಾಟರ್‌ಗೇಟ್ ವಿಧಾನ ಹಾಕಿದೆ. ಉಷ್ಣತೆ ಸ್ಥಿರವಾಗುವವರೆಗೆ ಕಾದು ಟ್ಯೂನಿಂಗ್ (ಯಂತ್ರದ ತರಂಗಾಂತರ ಹೊಂದಿಸುವುದು), ಶಿಮ್ಮಿಂಗ್ (ಕಾಂತಕ್ಷೇತ್ರ ಸಮಗೊಳಿಸುವುದು) ಹೊಸದಾಗಿ ಮಾಡಿದೆ. ಇದನ್ನು ಬಿಟ್ಟರೆ ಚುಕ್ಕೆಗಳಿಗೆ ಬಾಲ ಬರುತ್ತದೆ. ಚಿತ್ರದ ಹೈಡ್ರೋಜನ್ ಅಕ್ಷದ ಮೇಲೆ 8ರಿಂದ 8.6 ಪಿಪಿಎಂ ನಡುವಿನ ಇಕ್ಕಟ್ಟಿನಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಎದ್ದವು. ಎಣಿಸಿದರೆ 127. ಉಳಿದವು ಒಂದರ ಮೇಲೊಂದು ಕೂತಿವೆ. ಅವನ್ನು ಬಿಡಿಸಲು ಮೂರು ಆಯಾಮದ ಪ್ರಯೋಗ ನಿನ್ನೆ ರಾತ್ರಿ ಹಚ್ಚಿದ್ದೇನೆ.