ಹಿಮದ ನಾಡಿಗೆ ಹೊರಡುವ ಕ್ಯಾರವಾನ್: ನೀರಿನ ಲೈನ್ ಒಡೆಯದಂತೆ ಸಿದ್ಧಮಾಡುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಕಡೆ ಎಂಥ ಮಾಗಿ ಚಳಿಯಲ್ಲೂ ಪೈಪಿನೊಳಗಿನ ನೀರು ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಇಲ್ಲಿ ಟೆಂಪೋ ಟ್ರಾವೆಲರನ್ನು ಕ್ಯಾರವಾನ್ ಮಾಡಿಸುವಾಗ ನೀರನ್ನು ಪೂರ್ತಿ ಖಾಲಿ ಮಾಡುವ ವ್ಯವಸ್ಥೆ ಬೇಕೆಂದು ಮಾಲೀಕರೂ ಕೇಳುವುದಿಲ್ಲ, ಪ್ಲಂಬರೂ ಇಡುವುದಿಲ್ಲ. ಅದೇ ಗಾಡಿ ನವೆಂಬರ್, ಡಿಸೆಂಬರಿನಲ್ಲಿ ಹಿಮಾಚಲದ ಸ್ಪಿತಿ, ಕಿನ್ನೌರ್, ಇಲ್ಲವೇ ಲಡಾಖಿನ ಕಡೆ ಹೊರಟರೆ ತೊಂದರೆ ಶುರು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ಜಾಗವಿಲ್ಲದೆ ಒತ್ತಡ ಏರುತ್ತಾ ಹೋಗಿ, ಜೋಡಣೆ ಬಿಡುತ್ತದೆ ಅಥವಾ ಪೈಪ್ ಸೀಳುತ್ತದೆ. ಗಡ್ಡೆ ಕಟ್ಟಿರುವಷ್ಟು ಹೊತ್ತು ಏನೂ ಸೋರುವುದಿಲ್ಲ. ಬಿಸಿಲೇರಿ ಅದು ಕರಗಿದ ಮೇಲೆ, ಹಾಸಿಗೆಯ ಕೆಳಗಿನ ಪ್ಲೈವುಡ್ ನೆನೆದಾಗಲೇ ಗೊತ್ತಾಗುವುದು.

ಟ್ಯಾಂಕಿನ ನೀರು ಬಿಟ್ಟರೆ ಸಾಕು ಎಂಬುದು ಸಾಮಾನ್ಯ ನಂಬಿಕೆ. ಆದರೆ ಟ್ಯಾಂಕ್ ಒಡೆಯುವುದು ಅಪರೂಪ, ಅದರಲ್ಲಿ ಹಿಗ್ಗಲು ಜಾಗವಿರುತ್ತದೆ. ಒಡೆಯುವುದು ಪಂಪಿನ ತಲೆ, ಬಾಲ್ ವಾಲ್ವ್, ಫಿಲ್ಟರ್ ಹೌಸಿಂಗ್, ಶವರ್ ಮಿಕ್ಸರಿನಂಥ ಸಣ್ಣ ಭಾಗಗಳು. ಅಲ್ಲಿ ನಿಂತ ಎರಡು ಚಮಚ ನೀರೇ ಸಾಕು. ಆದ್ದರಿಂದ ಕೆಲಸ ಎರಡು ಕಡೆ ಹಂಚಿಕೊಳ್ಳಬೇಕು: ವಾಲ್ವ್ ಕೂರಿಸುವುದು, ಸಾಮಾನು ಕೊಳ್ಳುವುದು ಊರಲ್ಲೇ, ನೀರು ತೆಗೆದು ಹೆಪ್ಪುಗಟ್ಟದ ದ್ರಾವಣ ತುಂಬುವುದು ಬೆಟ್ಟ ಹತ್ತುವ ಮುನ್ನ, ಕೊನೆಯ ಬಯಲಲ್ಲಿ.

ಊರಲ್ಲೇ ಮುಗಿಸಬೇಕಾದ್ದು

ಮೊದಲಿಗೆ ಕೊಳಾಯಿ ಸಾಲಿನ ಅತಿ ತಗ್ಗಿನ ಜಾಗ ಹುಡುಕಿ. ಬಿಸಿನೀರಿನ ಲೈನಿಗೊಂದು, ತಣ್ಣೀರಿನ ಲೈನಿಗೊಂದು ಅರ್ಧ ಇಂಚಿನ ಡ್ರೈನ್ ವಾಲ್ವ್ ಅಲ್ಲಿ ಬರಬೇಕು. ಪೈಪ್ ಎಲ್ಲಾದರೂ ಜೋತುಬಿದ್ದಿದ್ದರೆ ಕ್ಲಾಂಪ್ ಹಾಕಿ ಎತ್ತಿ, ಡ್ರೈನ್ ಕಡೆಗೆ ಇಳಿಜಾರು ಮಾಡಿ. ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಚಳಿಯಲ್ಲಿ ಪೆಡಸಾಗಿ ಗಾಜಿನಂತೆ ಬಿರಿಯುತ್ತದೆ. ಹೊಸದಾಗಿ ಲೈನ್ ಎಳೆಸುವವರು ಬಾಗುವ ಪ್ಲಾಸ್ಟಿಕ್ಕಿನ ಪೆಕ್ಸ್ ಪೈಪನ್ನೇ ಆರಿಸಿ, ಅದು ಸ್ವಲ್ಪ ಹಿಗ್ಗಿ ಮತ್ತೆ ಮೊದಲಿನ ಅಳತೆಗೆ ಬರುತ್ತದೆ. ಆದರೂ ಅದರ ಫಿಟಿಂಗ್‌ಗಳು ಒಡೆಯಬಹುದು, ಹಾಗಾಗಿ ಪೆಕ್ಸ್ ಇದೆಯೆಂದು ನಿಶ್ಚಿಂತೆ ಬೇಡ.

ಗೀಸರಿಗೆ ಬೈಪಾಸ್ ಬೇಕು, ಅಂದರೆ ದ್ರಾವಣ ಗೀಸರಿನೊಳಗೆ ಹೋಗದೆ ಬಿಸಿನೀರಿನ ಲೈನಿಗೆ ದಾಟುವ ಅಡ್ಡದಾರಿ. ಒಳಬರುವ ಮತ್ತು ಹೊರಹೋಗುವ ಪೈಪುಗಳಿಗೆ ಒಂದೊಂದು ವಾಲ್ವ್, ಎರಡರ ನಡುವೆ ಅಡ್ಡ ಪೈಪಿನಲ್ಲಿ ಇನ್ನೊಂದು, ಒಟ್ಟು ಮೂರು. ಇದಿಲ್ಲದಿದ್ದರೆ 10 ಲೀಟರ್ ಗೀಸರ್ ತುಂಬಲೆಂದೇ 10 ಲೀಟರ್ ದ್ರಾವಣ ದಂಡವಾಗುತ್ತದೆ. ಪಂಪಿನ ಹೀರುವ ಬದಿಯಲ್ಲಿ ಮೂರು ದಾರಿಯ ವಾಲ್ವ್ ಇಟ್ಟು, ಒಂದು ದಾರಿಗೆ ಒಂದು ಮೀಟರ್ ಪಾರದರ್ಶಕ ಹೋಸ್ ಸಿಕ್ಕಿಸಿ. ಪಂಪ್ ಟ್ಯಾಂಕನ್ನು ಬಿಟ್ಟು ನೇರ ಕ್ಯಾನಿನಿಂದಲೇ ಎಳೆಯಲು ಇದು ಬೇಕು.

ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಇಲ್ಲಿ ದೊಡ್ಡ ವಿಷಯ. ಎರಡು ವರ್ಷ ಬೋರ್ ನೀರು ತುಂಬಿಸಿದ ಗಾಡಿಯಲ್ಲಿ ಡ್ರೈನ್ ವಾಲ್ವ್, ಪಂಪಿನ ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು), ಗೀಸರಿನ ಸೇಫ್ಟಿ ವಾಲ್ವ್ ಎಲ್ಲಕ್ಕೂ ಬಿಳಿ ಸುಣ್ಣದ ಪದರ ಕಟ್ಟಿರುತ್ತದೆ. ಅಂಥ ವಾಲ್ವ್ ತಿರುಗುವುದೇ ಇಲ್ಲ, ತಿರುಗಿದರೆ ಮತ್ತೆ ಪೂರ್ತಿ ಮುಚ್ಚುವುದಿಲ್ಲ. ಹೊರಡುವ ವಾರ ಮೊದಲು ಲೀಟರಿಗೆ 40ರಿಂದ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಲೈನಿಗೂ ಗೀಸರಿಗೂ ತುಂಬಿ, ಒಂದು ಗಂಟೆ ಬಿಟ್ಟು, ನೊರೆ ನಿಂತ ಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗೀಸರಿನಲ್ಲಿ ತುಕ್ಕು ತಡೆಯುವ ಮೆಗ್ನೀಸಿಯಂ ಸರಳು (ಆನೋಡ್) ಇದ್ದರೆ ಆಮ್ಲ ಅದನ್ನೂ ತಿನ್ನುತ್ತದೆ, ಆದ್ದರಿಂದ ರಾತ್ರಿಯಿಡೀ ಬಿಡಬೇಡಿ. ಸಿಟ್ರಿಕ್ ಆಮ್ಲದ ನೀರಿಗೆ ಬ್ಲೀಚ್ ಸೋಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಒಂದೇ ದಿನ ಕೈಗೆತ್ತಿಕೊಳ್ಳದಿರುವುದು ಒಳ್ಳೆಯದು.

ದ್ರಾವಣ ಯಾವುದು

ಬೇಕಾದ್ದು ಪ್ರೊಪಿಲೀನ್ ಗ್ಲೈಕಾಲ್. ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ ರೇಡಿಯೇಟರ್ ಕೂಲಂಟ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್. ಅದು ವಿಷ, ಮೂತ್ರಪಿಂಡ ಹಾಳುಮಾಡುತ್ತದೆ, ಕುಡಿಯುವ ನೀರಿನ ಲೈನಿಗೆ ಅದರ ಹನಿಯೂ ಹೋಗಬಾರದು. ಉಪ್ಪು ನೀರು, ಸ್ಪಿರಿಟ್, ವೈಪರಿಗೆ ಹಾಕುವ ದ್ರವ ಇವೂ ಬೇಡ. ಕೆಮಿಕಲ್ ಅಂಗಡಿಯಲ್ಲಿ ಕೇಳುವಾಗ ಔಷಧಕ್ಕೆ ಬಳಸುವ 'ಐಪಿ ದರ್ಜೆ' ಅಥವಾ 'ಯುಎಸ್‌ಪಿ ದರ್ಜೆ' ಎಂದೇ ಕೇಳಿ, ಸೀಲ್ ಒಡೆಯದ ಕ್ಯಾನನ್ನೇ ತೆಗೆದುಕೊಳ್ಳಿ, ಬ್ಯಾಚಿನ ವಿಶ್ಲೇಷಣಾ ಪತ್ರ ಕೇಳಿ ಪಡೆಯಿರಿ. ಅಗ್ಗದ ಕೈಗಾರಿಕಾ ದರ್ಜೆಯ ಮಾಲಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿರಬಹುದು. ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಸಾವಿಗೆ ಕಾರಣವಾಗಿದ್ದು ಇದೇ ವಸ್ತು. ಈ ವಿಷಯದಲ್ಲಿ ಚೌಕಾಸಿ ಬೇಡ.

ಅಳತೆಗೆ ಬಂದರೆ, ಶೇ 30ರ ಮಿಶ್ರಣ ಸುಮಾರು ಮೈನಸ್ 13 ಡಿಗ್ರಿಯಲ್ಲಿ ಗಟ್ಟಿಯಾಗತೊಡಗುತ್ತದೆ, ಶೇ 40ರದು ಮೈನಸ್ 21ರಲ್ಲಿ, ಶೇ 50ರದು ಮೈನಸ್ 33ರ ಆಸುಪಾಸಿನಲ್ಲಿ. ಗಟ್ಟಿಯಾಗತೊಡಗಿದಾಗಲೂ ಮೊದಲು ಕೆಸರಿನಂತಾಗುತ್ತದೆ, ಪೈಪನ್ನು ಒಡೆಯುವುದಿಲ್ಲ. ಆದರೂ ಶೇ 50ರದ್ದನ್ನೇ ಮಾಡಿ. ಎಷ್ಟು ಊದಿದರೂ ಲೈನಿನಲ್ಲಿ ನೀರು ಉಳಿದೇ ಇರುತ್ತದೆ, ಅದು ಬೆರೆತು ದ್ರಾವಣ ತೆಳುವಾಗುತ್ತದೆ. ಒಂದು ಅಡುಗೆ ಸಿಂಕ್, ಒಂದು ಶವರ್, ಒಂದು ಟಾಯ್ಲೆಟ್ ಇರುವ ಗಾಡಿಗೆ ಬೈಪಾಸ್ ಇದ್ದರೆ 8ರಿಂದ 10 ಲೀಟರ್ ಸಾಕು: 5 ಲೀಟರ್ ಗ್ಲೈಕಾಲ್, 5 ಲೀಟರ್ ಆರ್‌ಒ ನೀರು. ಗ್ಲೈಕಾಲಿಗೆ ಬಣ್ಣವಿರುವುದಿಲ್ಲ. ನಲ್ಲಿಗೆ ಬಂದದ್ದು ನೀರೋ ದ್ರಾವಣವೋ ಕಣ್ಣಿಗೆ ತಿಳಿಯಲು ಒಂದು ಚಿಟಿಕೆ ಕೆಂಪು ತಿನಿಸು ಬಣ್ಣ ಬೆರೆಸಿ. ಕಲಸಿದ್ದನ್ನು ಅರ್ಧ ಲೋಟ ಫ್ರಿಜ್ಜಿನ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟುನೋಡಿ. ಅಲ್ಲಿ ಮೈನಸ್ 18ರ ಹತ್ತಿರ ಇರುತ್ತದೆ. ಬೆಳಿಗ್ಗೆ ಗಟ್ಟಿಯಾಗಿದ್ದರೆ ಅಳತೆ ತಪ್ಪಿದೆ ಎಂದರ್ಥ. ದ್ರವವಾಗಿಯೇ ಇದ್ದರೆ ಮೈನಸ್ 18ರವರೆಗೆ ತಡೆಯುತ್ತದೆ ಎಂದಷ್ಟೇ ಗೊತ್ತಾಗುತ್ತದೆ, ಶೇ 40ರದೂ ಇದರಲ್ಲಿ ಪಾಸಾಗುತ್ತದೆ.

ಬೆಟ್ಟದ ಬುಡದಲ್ಲಿ

ದಾವಣಗೆರೆಯಿಂದ ಹುಬ್ಬಳ್ಳಿ, ಪುಣೆಯ ಹೆದ್ದಾರಿ 48 ಹಿಡಿದರೂ, ಚಿತ್ರದುರ್ಗದಿಂದ ಹೊಸಪೇಟೆ, ವಿಜಯಪುರದ ಹೆದ್ದಾರಿ 50, ಅಲ್ಲಿಂದ ಸೊಲ್ಲಾಪುರದ ಹೆದ್ದಾರಿ 52 ಹಿಡಿದರೂ ಅಂಬಾಲಾ, ಚಂಡೀಗಢದವರೆಗೆ ನೀರನ್ನು ಧಾರಾಳವಾಗಿ ಬಳಸಬಹುದು. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಹಾಕಿ. ಶಿಮ್ಲಾ 2,200 ಮೀಟರ್, ಸ್ಪಿತಿಯ ಕಾಜಾ 3,600 ಮೀಟರಿನ ಮೇಲೆ. ಚಂಡೀಗಢದಲ್ಲಿ ಅರ್ಧ ದಿನ ಇದಕ್ಕೆಂದೇ ಇಡಿ.

ಗೀಸರ್ ಸ್ವಿಚ್ ಆಫ್ ಮಾಡಿ, ನೀರು ತಣಿಯುವವರೆಗೆ ಕಾಯಿರಿ. ಬಿಸಿ ನಲ್ಲಿ ತೆರೆದು ಒತ್ತಡ ಇಳಿಸಿದ ಮೇಲೆಯೇ ಡ್ರೈನ್ ಪ್ಲಗ್ ಬಿಚ್ಚಿ. ಒತ್ತಡವಿರುವಾಗ ಬಿಚ್ಚಿದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಖಾಲಿ ಗೀಸರಿಗೆ ಕರೆಂಟ್ ಹೋದರೆ ಎಲಿಮೆಂಟ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಆದ್ದರಿಂದ ಅದರ ಎಂಸಿಬಿ ಸ್ವಿಚ್ ಇಳಿಸಿ ಟೇಪ್ ಅಂಟಿಸಿ. ಟ್ಯಾಂಕ್, ಎರಡೂ ಡ್ರೈನ್, ಎಲ್ಲ ನಲ್ಲಿ ತೆರೆದಿಟ್ಟು ನೀರು ಇಳಿಯಲು ಬಿಡಿ. ಫಿಲ್ಟರ್ ಕಾರ್ಟ್ರಿಜ್, ಯುವಿ ದೀಪದ ಗಾಜಿನ ಕೊಳವೆಗಳನ್ನು ಬಿಚ್ಚಿ ಒಣಗಿಸಿ ಸುತ್ತಿಡಿ. ಆರ್‌ಒ ಮೆಂಬ್ರೇನನ್ನೂ ಬಿಚ್ಚಿ, ಆದರೆ ಒಣಗಿಸದೆ ತೇವವಾಗಿಯೇ ಚೀಲದಲ್ಲಿ ಕಟ್ಟಿ ಹೆಪ್ಪುಗಟ್ಟದ ಜಾಗದಲ್ಲಿಡಿ. ಇವುಗಳೊಳಗೆ ದ್ರಾವಣ ಹೋಗಬಾರದು.

ನಂತರ ಗಾಳಿ ಊದಬೇಕು. ಲಾರಿ ನಿಲ್ಲುವ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದಕ್ಕೆ ಸರಿ, ಆದರೆ ಅದರ ಒತ್ತಡ ನೂರು ಪಿಎಸ್‌ಐ ದಾಟಿರುತ್ತದೆ. ನಡುವೆ ರೆಗ್ಯುಲೇಟರ್ ಹಾಕಿ 40 ಪಿಎಸ್‌ಐ ಮೀರದಂತೆ ನೋಡಿಕೊಳ್ಳಿ. ಟೈರಿಗೆ ಹೊಡೆಯುವ ಪುಟ್ಟ 12 ವೋಲ್ಟಿನ ಪಂಪಿನಲ್ಲಿ ಒತ್ತಡವಿದ್ದರೂ ಗಾಳಿಯ ಪ್ರಮಾಣ ಸಾಲದು, ನೀರಿನ ಮೇಲಿಂದ ಗಾಳಿ ಜಾರಿಹೋಗುತ್ತದೆ. ಒಂದು ಸಲಕ್ಕೆ ಒಂದೇ ನಲ್ಲಿ ತೆರೆದು, ಹನಿ ನಿಂತು ಬರೀ ಗಾಳಿ ಬರುವವರೆಗೆ ಊದಿ.

ಈಗ ಗೀಸರ್ ಬೈಪಾಸಿಗೆ ತಿರುಗಿಸಿ, ಡ್ರೈನುಗಳನ್ನು ಮುಚ್ಚಿ, ಹೋಸನ್ನು ಕ್ಯಾನಿಗೆ ಇಳಿಸಿ ಪಂಪ್ ಹಾಕಿ. ಪಂಪಿಗೆ ಹತ್ತಿರದ ನಲ್ಲಿಯಿಂದ ಶುರುಮಾಡಿ, ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಣ್ಣ ಗಾಢವಾಗಿ ಬಂದ ಮೇಲೂ ಐದು ಸೆಕೆಂಡ್ ಬಿಟ್ಟು ನಿಲ್ಲಿಸಿ. ಮಿಕ್ಸರ್ ನಲ್ಲಿಯಾದರೆ ಹಿಡಿಯನ್ನು ಎರಡೂ ಕೊನೆಗೆ ತಿರುಗಿಸಿ ನೋಡಿ. ಟಾಯ್ಲೆಟ್ ಫ್ಲಶ್ ಮರೆಯಬೇಡಿ. ಕ್ಯಾಸೆಟ್ ಟಾಯ್ಲೆಟ್ಟಿಗೆ (ಕೆಳಗಿನ ಪೆಟ್ಟಿಗೆಯನ್ನು ಹೊರತೆಗೆದು ಖಾಲಿ ಮಾಡುವಂಥದ್ದು) ಬೇರೆ ಫ್ಲಶ್ ಟ್ಯಾಂಕ್ ಇದ್ದರೆ ಅದನ್ನೂ ಖಾಲಿ ಮಾಡಿ.

ಬಹಳ ಜನ ಮರೆಯುವುದು ಮೂರು ಜಾಗ. ಒಂದು, ಗಾಡಿಯ ಹಿಂದೆ ಕಾಲು ತೊಳೆಯಲು ಇಟ್ಟ ಹೊರಗಿನ ಶವರ್. ಎರಡು, ಹೊರಗಿನಿಂದ ನೀರು ಜೋಡಿಸುವ ಇನ್‌ಲೆಟ್; ಅದರ ಚೆಕ್ ವಾಲ್ವಿನ ಹಿಂದೆ ನೀರು ನಿಂತಿರುತ್ತದೆ. ಪಂಪ್ ನಿಲ್ಲಿಸಿ ಒತ್ತಡ ಇಳಿಸಿ, ಜಾಲರಿ ತೆಗೆದು ನಡುವಿನ ಪಿನ್ನನ್ನು ಮೆಲ್ಲಗೆ ಒತ್ತಿದರೆ ಬಣ್ಣದ ದ್ರಾವಣ ಒಸರಬೇಕು. ಮೂರನೆಯದು ಬಾಲ್ ವಾಲ್ವ್. ಪೂರ್ತಿ ಮುಚ್ಚಿದಾಗ ಅದರ ಗುಂಡಿನ ತೂತಿನೊಳಗೇ ನೀರು ಬಂಧಿಯಾಗುತ್ತದೆ, ಪೂರ್ತಿ ತೆರೆದರೂ ಗುಂಡಿಗೂ ಹೊರಕವಚಕ್ಕೂ ನಡುವೆ ತೆಳುವಾಗಿ ಉಳಿಯುತ್ತದೆ. ಹಿತ್ತಾಳೆಯ ವಾಲ್ವ್ ಕೂಡ ಹೊಟ್ಟೆ ಸೀಳಿಕೊಳ್ಳುವುದು ಇದರಿಂದಲೇ. ಹಿಡಿಯನ್ನು ನಾಲ್ಕಾರು ಸಲ ಆಡಿಸಿ, ಖಾಲಿ ಲೈನಿನ ವಾಲ್ವುಗಳನ್ನು 45 ಡಿಗ್ರಿಯಲ್ಲಿ, ಅಂದರೆ ಅರ್ಧ ತೆರೆದು ಬಿಡಿ.

ಸಿಂಕ್ ಮತ್ತು ಶವರಿನ ಕೆಳಗೆ ನೀರು ನಿಲ್ಲುವ ಬಾಗಿದ ಪೈಪಿಗೆ (ಟ್ರ್ಯಾಪ್) ಅರ್ಧ ಅರ್ಧ ಲೀಟರ್ ದ್ರಾವಣ ಸುರಿಯಿರಿ. ತ್ಯಾಜ್ಯದ ಟ್ಯಾಂಕನ್ನು ಸರಿಯಾದ ಜಾಗದಲ್ಲಿ ಖಾಲಿ ಮಾಡಿ ಒಂದು ಲೀಟರ್ ಹಾಕಿದರೆ ಡಂಪ್ ವಾಲ್ವಿನ ರಬ್ಬರ್ ಅಂಟುವುದಿಲ್ಲ. ಮೇಲೆ ಹೋದ ಮೇಲೆ ಕುಡಿಯಲು, ಅಡುಗೆಗೆ 20 ಲೀಟರ್ ಕ್ಯಾನ್ ಒಳಗೇ ಇಟ್ಟುಕೊಳ್ಳಿ, ಮುಕ್ಕಾಲು ಭಾಗ ಮಾತ್ರ ತುಂಬಿ. ಇಂಜಿನ್ ರೇಡಿಯೇಟರಿಗೆ ಬರೀ ನೀರು ಹಾಕುವ ರೂಢಿ ನಮ್ಮ ಕಡೆ ಇನ್ನೂ ಇದೆ. ಅದನ್ನು ಊರಲ್ಲೇ ತೆಗೆಸಿ ಕೂಲಂಟ್ ತುಂಬಿಸಿ. ನಲ್ಲಿ ಒಡೆದರೆ ನೂರರಲ್ಲಿ ಹೋಗುತ್ತದೆ, ಇಂಜಿನ್ ಬ್ಲಾಕ್ ಒಡೆದರೆ ಲಕ್ಷಕ್ಕೆ ಬರುತ್ತದೆ.

ಮರಳಿ ಬಂದ ಮೇಲೆ

ದ್ರಾವಣವನ್ನು ಒಳಚರಂಡಿಗೆ ಬಿಡಿ, ಕೆರೆಗಾಗಲಿ ಹಳ್ಳಕ್ಕಾಗಲಿ ಬೇಡ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಂಡು ಮೀನಿಗೆ ಕುತ್ತಾಗುತ್ತದೆ. ಬಣ್ಣವೂ ಸಿಹಿ ರುಚಿಯೂ ಹೋಗುವವರೆಗೆ ಎರಡು ಮೂರು ಟ್ಯಾಂಕ್ ನೀರು ಹಾಯಿಸಿ. ಆಮೇಲೆ 100 ಲೀಟರ್ ನೀರಿಗೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ 100 ಮಿಲಿಲೀಟರ್ ಬೆರೆಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವಂತೆ ಲೈನ್ ತುಂಬಿ ನಾಲ್ಕು ಗಂಟೆ ನಿಲ್ಲಿಸಿ, ತೊಳೆದುಬಿಡಿ. ಗೀಸರಿಗೆ ನೀರು ತುಂಬಿ ಬಿಸಿ ನಲ್ಲಿಯಲ್ಲಿ ಧಾರೆ ಒಂದೇ ಸಮ ಬಂದ ಮೇಲೆಯೇ ಎಂಸಿಬಿ ಮೇಲೆತ್ತಿ. ಕೊನೆಗೆ ಎಲ್ಲ ನಲ್ಲಿ ಮುಚ್ಚಿ ಪಂಪ್ ಚಾಲೂ ಇಟ್ಟು ಅರ್ಧ ಗಂಟೆ ಕಿವಿಗೊಡಿ. ಯಾರೂ ನೀರು ಮುಟ್ಟದಿದ್ದರೂ ಪಂಪ್ ಆಗಾಗ ತಾನೇ ಗುಡುಗುಟ್ಟಿದರೆ ಎಲ್ಲೋ ಸಣ್ಣ ಬಿರುಕು ಬಿಟ್ಟಿದೆ. ಮೊದಲು ಪಂಪಿನ ತಲೆ, ನಂತರ ಶವರ್ ಮಿಕ್ಸರ್, ಆಮೇಲೆ ಬೈಪಾಸ್ ವಾಲ್ವುಗಳ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ ಹುಡುಕಿ.